ಹಾಲೆಂಡಿಗೆ ಹೋದ ಬೆಣ್ಣಿಹಳ್ಳದ ಮಣ್ಣು

ವಿಮಾನ ನಿಲ್ದಾಣ

ಸುಂಕದ ಅಧಿಕಾರಿ ನನ್ನ ಚೀಲದಿಂದ ತುಪ್ಪದ ಡಬ್ಬಿಯನ್ನು ಹೊರತೆಗೆದು, ಮುಚ್ಚಳ ಬಿಚ್ಚಿ, ಒಳಗೆ ಇಣುಕಿದ. ಹಸಿ ಬಟ್ಟೆಯಲ್ಲಿ ಸುತ್ತಿಟ್ಟ ಕರಿಮಣ್ಣಿನ ಹೆಂಟೆ ಕಂಡಿತು. ಬೆರಳಿನಿಂದ ಒತ್ತಿ ನೋಡಿದ. ಮಣ್ಣು ಬೆರಳಿಗೆ ಅಂಟಿಕೊಂಡಿತು. ಇನ್ನೊಂದು ಕೈಯಿಂದ ಒರೆಸಿಕೊಳ್ಳಲು ಹೋದ. ಆ ಕೈಗೂ ಅಂಟಿತು. ನವಲಗುಂದದ ಎರೆಮಣ್ಣನ್ನು ಬಲ್ಲವರು ಯಾರೂ ಹಾಗೆ ಮಾಡುವುದಿಲ್ಲ. ಎರಡೂ ಕೈಗಳನ್ನು ಮೇಲೆತ್ತಿ ಹಿಡಿದುಕೊಂಡು ಆತ ಇದೇನೆಂದು ಕೇಳಿದ. ಮೊದಲ ಸಲ ವಿಮಾನ ಹತ್ತಿ ಇಳಿದ ಗಡಿಬಿಡಿಯಲ್ಲಿ ನಾನು, "ಇದು ಒಂದು ಹಳ್ಳ" ಎಂದುಬಿಟ್ಟೆ.

ಮುಂದಿನ ಅರ್ಧ ಗಂಟೆ ಒಂದು ಬಿಳಿ ಕೋಣೆಯಲ್ಲಿ ಕಳೆಯಿತು. ನನ್ನನ್ನು ಕರೆಸಿಕೊಂಡ ಪ್ರಯೋಗಾಲಯದ ಪತ್ರವನ್ನೂ ಮಣ್ಣು ತರಲು ಕೊಟ್ಟ ಅನುಮತಿಯನ್ನೂ ಮೂರು ಜನ ಓದಿದರು. ಕೊನೆಗೆ ಹಿರಿಯನೊಬ್ಬ ನನ್ನ ಸಾಮಾನಿನ ಪಟ್ಟಿಯಲ್ಲಿ 'ನದಿಯ ದಂಡೆ, ಒಂದು' ಎಂದು ಬರೆದು, ಸಹಿ ಮಾಡಿ, ನಗದೆ ಕಳಿಸಿದ. ಆ ಹಿರಿಯನಿಗೆ ದೊಡ್ಡ ಮೀಸೆ ಇತ್ತೆಂದು ಈಗ ನೆನಪಾಗುತ್ತಿದೆ. ಆದರೆ ಈ ಪ್ರಸಂಗವನ್ನು ನಾನು ನಮ್ಮ ಕಾಲೇಜಿನಲ್ಲಿ ನಾಲ್ಕಾರು ಸಲ ಹೇಳಿದ್ದೇನೆ. ಎರಡನೆಯ ಸಲವೋ ಮೂರನೆಯ ಸಲವೋ ಹೇಳುವಾಗ ಮೀಸೆ ಸೇರಿಕೊಂಡಿರಬಹುದು. ನನ್ನ ನೆನಪಿಗೆ ನಾನೇ ಜಾಮೀನು ನಿಲ್ಲಲಾರೆ. ಓದುವವರು ಎಚ್ಚರದಿಂದ ಓದಬೇಕು.

ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕಲಿಸುವವನು. ಹುಟ್ಟಿದ್ದು ನವಲಗುಂದ ತಾಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಒಂದು ಹಳ್ಳಿಯಲ್ಲಿ. ಹೆಸರಷ್ಟೇ ಬೆಣ್ಣೆಯದು, ಹಳ್ಳ ಅಷ್ಟು ಮೆದುವಲ್ಲ. ವರ್ಷದ ಹತ್ತು ತಿಂಗಳು ಕತ್ತೆಗಳು ಮಲಗುವ ಜಾಗದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಆನೆ ಮುಳುಗುವಷ್ಟು ನೀರು ಬರುತ್ತದೆ. ಬಂದಾಗ ತಳದ ಉಸುಕನ್ನೂ ದಂಡೆಯ ಮಣ್ಣನ್ನೂ ತಿನ್ನುತ್ತದೆ. ಎಲ್ಲಿ ಎಷ್ಟು ತಿನ್ನುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಹೇಳಬಹುದೇ ಎಂಬುದು ಆರು ವರ್ಷದಿಂದ ನನಗೆ ಹತ್ತಿದ ಹುಚ್ಚು. ಆ ಹುಚ್ಚೇ ಎಂಬತ್ತರ ದಶಕದ ನಡುವಿನ ಒಂದು ವಸಂತದಲ್ಲಿ ನನ್ನನ್ನು ಮೂರು ತಿಂಗಳ ಮಟ್ಟಿಗೆ ಹಾಲೆಂಡಿಗೆ ಎಳೆದುಕೊಂಡು ಹೋಯಿತು.

ಆನ್ನೆಕೆಯ ಮನೆ

ಪ್ರಯೋಗಾಲಯವಿದ್ದ ಊರಿನ ಹೆಸರನ್ನು ಅಲ್ಲಿದ್ದಷ್ಟು ದಿನವೂ ನಾನು ಸರಿಯಾಗಿ ಉಚ್ಚರಿಸಲಿಲ್ಲ. ಗಂಟಲಲ್ಲಿ ಜೋಳದ ಹೊಟ್ಟು ಸಿಕ್ಕಾಗ ನಾವು ಹೊರಡಿಸುವ ಸದ್ದು ಅದರ ಮೊದಲ ಅಕ್ಷರ. ನಾನಿಳಿದುಕೊಂಡದ್ದು ಆನ್ನೆಕೆ ಎಂಬ ನಿವೃತ್ತ ದಾದಿಯ ಮನೆಯ ಅಟ್ಟದ ಕೋಣೆಯಲ್ಲಿ. ಅಲ್ಲಿಗೆ ಹೋಗುವ ಮೆಟ್ಟಿಲುಗಳು ನಮ್ಮ ಕಡೆ ಕಾಳು ತುಂಬಿಡುವ ನೆಲದಡಿಯ ಹಗೇವಿನ ಏಣಿಗಿಂತ ಕಡಿದಾಗಿದ್ದವು. ಮೊದಲ ದಿನವೇ ಡಬ್ಬಿ ಹಿಡಿದುಕೊಂಡು ಹತ್ತಲು ಹೋಗಿ, ಜಾರಿ, ಡಬ್ಬಿಯ ಮೇಲೆ ಕುಳಿತು ಕೆಳಗೆ ಬಂದೆ. ಆನ್ನೆಕೆ ಮೊದಲು ನನ್ನ ಬೆನ್ನು ನೋಡಿದಳು, ಆಮೇಲೆ ಮೆಟ್ಟಿಲಿನ ಬಣ್ಣ ನೋಡಿದಳು. ಎರಡಕ್ಕೂ ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡು ಕಾಫಿ ಕೊಟ್ಟಳು.

ಅವರ ಕಾಫಿಯದು ಒಂದು ಕ್ರಮ. ಬಿಸ್ಕತ್ತಿನ ಡಬ್ಬಿ ತೆರೆಯುತ್ತಾರೆ, ನಾವು ಒಂದು ತೆಗೆದುಕೊಳ್ಳುತ್ತೇವೆ, ಡಬ್ಬಿ ಮುಚ್ಚುತ್ತದೆ. ನಮ್ಮ ಕಡೆ ಚಹಾ ಆಗಿದೆ ಎಂದರೂ ಇನ್ನೊಂದು ಕಪ್ಪು ಬರುತ್ತದೆ. ಬೇಡ ಎಂದರೆ ಅದರ ಜೊತೆ ಅವಲಕ್ಕಿ ಚೂಡಾ ಬರುತ್ತದೆ. ಇಲ್ಲಿ ಬೇಡ ಎಂದರೆ ಬೇಡವೆಂದೇ ತಿಳಿಯುತ್ತಾರೆ. ಸೌಜನ್ಯಕ್ಕೆಂದು ಬೇಡ ಎಂದು ಮೊದಲ ವಾರ ಹಸಿದೇ ಮಲಗಿದೆ. ಪಕ್ಕದ ಮನೆಯಲ್ಲಿದ್ದ ಆನ್ನೆಕೆಯ ಸ್ವಂತ ತಂಗಿ ಕೂಡ ಗೋಡೆಗೆ ತೂಗುಹಾಕಿದ ಪಂಚಾಂಗದಂಥದ್ದರಲ್ಲಿ ದಿನ ಬರೆಸಿಯೇ ಭೇಟಿಗೆ ಬರುತ್ತಿದ್ದಳು.

ನೀನು ಮಾಡುವುದೇನು ಎಂದು ಆನ್ನೆಕೆ ಕೇಳಿದಾಗ ನಾನು ಅಡುಗೆಮನೆಯ ತಟ್ಟೆಯೊಂದರಲ್ಲಿ ಸಕ್ಕರೆ ಹರವಿ, ಒಂದು ತುದಿ ಎತ್ತಿ, ಮೇಲಿನಿಂದ ಚಹಾ ಸುರಿದೆ. ಚಹಾ ಒಂದು ದಾರಿ ಕೊರೆದುಕೊಂಡಿತು. ನೀರು ಮಣ್ಣನ್ನು ಒಯ್ಯುತ್ತದೆ, ಒಯ್ದದ್ದರಿಂದ ತಳದ ಆಕಾರ ಬದಲಾಗುತ್ತದೆ, ಆಕಾರ ಬದಲಾದದ್ದರಿಂದ ನೀರಿನ ವೇಗ ಬದಲಾಗುತ್ತದೆ, ವೇಗ ಬದಲಾದದ್ದರಿಂದ ಮತ್ತೆ ಮಣ್ಣು. ಒಂದನ್ನೊಂದು ಹಿಡಿದು ಜಗ್ಗುವ ಈ ಆಟವನ್ನು ಒಂದೇ ಏಟಿಗೆ ಬಿಡಿಸಲಾಗದು. ಅದಕ್ಕೇ ಹಳ್ಳವನ್ನು ಉದ್ದಕ್ಕೂ ಸಣ್ಣ ತುಂಡುಗಳಾಗಿ ಕತ್ತರಿಸಿಕೊಳ್ಳುತ್ತೇವೆ. ಪ್ರತಿ ತುಂಡಿಗೂ ಒಂದೇ ಪ್ರಶ್ನೆ: ಮೇಲಿನಿಂದ ಎಷ್ಟು ಮಣ್ಣು ಬಂತು, ಕೆಳಕ್ಕೆ ಎಷ್ಟು ಹೋಯಿತು? ಹೋದದ್ದು ಹೆಚ್ಚಾದರೆ ಅಲ್ಲಿ ತಳ ಇಳಿಯಿತು. ಒಂದು ನಿಮಿಷ ಮುಂದೆ ಸರಿದು ಮತ್ತೆ ಅದೇ ಪ್ರಶ್ನೆ. ಮನುಷ್ಯ ಹಾಕಿದರೆ ಜನ್ಮ ಮುಗಿಯುವ ಲೆಕ್ಕ. ಗಣಕಯಂತ್ರಕ್ಕೆ ಒಂದು ಮಧ್ಯಾಹ್ನ. ನಾನು ಕೈ ಬೀಸಿ ಬೀಸಿ ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಚಹಾ ಮೇಜಿನ ಬಟ್ಟೆಗೆ ಇಳಿದಿತ್ತು. ಆನ್ನೆಕೆ ತಟ್ಟೆಯನ್ನು ಅಡ್ಡ ಹಿಡಿದು, "ನಿನ್ನ ಲೆಕ್ಕದಲ್ಲಿ ಅಂಚು ಇಲ್ಲ" ಎಂದಳು. ತಟ್ಟೆಯ ಅಂಚನ್ನು ಕುರಿತು ಹೇಳಿದ್ದಿರಬೇಕು. ಆದರೆ ಅವಳು ಮುಟ್ಟಿದ್ದು ನನ್ನ ಹುಣ್ಣನ್ನು.

ಏಕೆಂದರೆ ನಾನು ಬಂದದ್ದೇ ಅಂಚಿನ ಸಲುವಾಗಿ. ನಮ್ಮೂರಿನ ಕೇರಿಯ ನಲವತ್ತು ಕುಟುಂಬಗಳಿಗೆ ಸರಕಾರದ ಜನತಾ ಮನೆಗಳು ಮಂಜೂರಾಗಿದ್ದವು. ಜಾಗವೆಂದು ತೋರಿಸಿದ್ದು ಹಳ್ಳದ ದಂಡೆಯನ್ನು. ಅದು ಗಟ್ಟಿ ಇದೆಯೋ ಇಲ್ಲವೋ ಎಂದು ಓವರ್‌ಸಿಯರ್ ಅನುಮಾನಿಸಿದಾಗ ವರದಿ ಕೇಳಿದ್ದು ನನ್ನನ್ನು. ದೀಪಾವಳಿ ರಜೆಯಲ್ಲಿ ಊರಿಗೆ ಹೋದವನು ಮಣ್ಣು ತೆಗೆದು, ಒತ್ತಿ, ಅಳೆದು, ದಂಡೆ ಗಟ್ಟಿ ಇದೆ ಎಂದು ಬರೆದುಕೊಟ್ಟೆ. ಕೇರಿಯ ಯಲ್ಲಪ್ಪ ನನ್ನ ಜೊತೆ ಏಳನೆಯ ಇಯತ್ತೆಯವರೆಗೆ ಓದಿದವನು; ಈಗ ತಿರ್ಲಾಪುರದ ಕಡೆ ಮಾಸ್ತರ. "ನೀವು ಗಟ್ಟಿ ಐತಿ ಅಂದ್ರ ಕಟ್ಟತೇವ್ರಿ, ಇಲ್ಲಂದ್ರ ಇಲ್ಲರಿ" ಎಂದಿದ್ದ. ಕಟ್ಟುವ ಕೆಲಸ ಬೇಸಿಗೆಯಲ್ಲಿ ಶುರುವಾಗುವುದಿತ್ತು. ವರದಿ ಕೊಟ್ಟ ಮೇಲೆ ನನಗೆ ನಿದ್ದೆ ಸರಿಬೀಳಲಿಲ್ಲ. ಅಳೆದದ್ದು ಸರಿಯಾಗಿತ್ತು, ಆದರೂ ಯಂತ್ರಕ್ಕೊಮ್ಮೆ ಕೇಳಿ ನೋಡಬೇಕೆನಿಸಿತು.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಊರಲ್ಲಿ ಎತ್ತರದ ಜಾಗ ಇನ್ನೊಂದಿತ್ತು: ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಸರಕಾರಿ ನೆಲ. ಅದನ್ನು ಎಷ್ಟೋ ವರ್ಷಗಳಿಂದ ಉತ್ತು ಹತ್ತಿ ಬೆಳೆಯುತ್ತಿದ್ದವರು ನಮ್ಮ ಕಾಕಾ. ದೀಪಾವಳಿಯಲ್ಲಿ ನಾನು ಉಂಡದ್ದು ಅವರ ಮನೆಯಲ್ಲೇ. ವರದಿಯ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ ಎಂದು ನನ್ನ ನೆನಪು. ಆ ನೆನಪು ನನಗೆ ಅನುಕೂಲವಾಗಿದೆ. ಆದ್ದರಿಂದಲೇ ಅದರ ಮೇಲೆ ಅನುಮಾನ.

ಗಾಜಿನ ಕಾಲುವೆ

ಪ್ರಯೋಗಾಲಯದ ಬಾಗಿಲು ತೆರೆದಾಗ ನಾನು ಚಿಕ್ಕ ಮಕ್ಕಳ ಹಾಗೆ ನಿಂತುಬಿಟ್ಟೆ. ಹತ್ತಿ ಮಾರುಕಟ್ಟೆಯ ಗೋದಾಮಿನಷ್ಟು ದೊಡ್ಡ ಮಾಡಿನ ಕೆಳಗೆ ನದಿಗಳು ಹರಿಯುತ್ತಿದ್ದವು. ನಿಜವಾದ ನದಿಗಳ ಗೇಣಗಲದ ಪಡಿಯಚ್ಚುಗಳು: ತಿರುವು, ಸೇತುವೆ, ಉಸುಕಿನ ದಿಬ್ಬ ಎಲ್ಲ ಇದ್ದವು. ನಡುವೆ ಒಂದು ಉದ್ದನೆಯ ಕಾಲುವೆ, ಎರಡೂ ಬದಿಗೆ ಗಾಜು. ನೀರು ಬಿಟ್ಟರೆ ತಳದ ಉಸುಕು ಮೊದಲು ನಡುಗುತ್ತದೆ, ಆಮೇಲೆ ಒಂದೊಂದೇ ಕಾಳು ಹಾರುತ್ತದೆ, ಆಮೇಲೆ ನೋಡುನೋಡುತ್ತ ತಳವೆಲ್ಲ ಅಲೆಅಲೆಯಾಗಿ ಎದ್ದು ಮುಂದಕ್ಕೆ ನಡೆಯತೊಡಗುತ್ತದೆ. ಆರು ವರ್ಷ ನಾನು ಕಾಗದದ ಮೇಲೆ ಚಿಹ್ನೆಗಳಾಗಿ ಬರೆದದ್ದು ಗಾಜಿನ ಆಚೆ ಕಾಲು ಬಂದು ಹೊರಟಿತ್ತು. ಊಟ ಮರೆತು ನಿಂತಿದ್ದೆ. ಕೊನೆಗೆ ಅಲ್ಲಿಯ ಹಿರಿಯ ಕೆಲಸಗಾರ ಹೆಂಕ್ ಬಂದು ದೀಪ ಆರಿಸಿದ. ಐದು ಗಂಟೆಯಾಗಿತ್ತು. ಐದು ಗಂಟೆಗೆ ಆ ದೇಶದಲ್ಲಿ ನದಿಗಳೂ ಮನೆಗೆ ಹೋಗುತ್ತವೆ.

ಹೆಂಕ್ ಓದಿದವನಲ್ಲ, ಮೂವತ್ತು ವರ್ಷ ಮಣ್ಣಿನಲ್ಲಿ ಕೈಯಿಟ್ಟವನು. ನನ್ನ ಡಬ್ಬಿಯನ್ನು ಕಂಡು ಅವನಿಗಾದ ಸಂತೋಷ ನನ್ನ ಪದವಿಗಳನ್ನು ಕಂಡು ಯಾರಿಗೂ ಆಗಿರಲಿಲ್ಲ. ಒಂದು ಚೂರು ಕಿತ್ತು ಹಲ್ಲಿನಲ್ಲಿ ಕಡಿದು, "ಉಸುಕೇ ಇಲ್ಲ" ಎಂದ. ಉಳಿದದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಾಣಂತಿಯ ಕೂಸಿನ ಹಾಗೆ ನೆರಳಿನಲ್ಲಿ ಮಲಗಿಸಿದ. ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದ. ಜೇಡಿ ಒಣಗಬಾರದು, ಒಣಗಿದರೆ ಅದು ಜೇಡಿಯೇ ಅಲ್ಲ ಎಂದು ಅವನ ಪಾಠ. ನಾನು ಓದಿದ ಪುಸ್ತಕದಲ್ಲೂ ಹಾಗೇ ಇತ್ತು. ಇಬ್ಬರೂ ತಲೆಯಾಡಿಸಿದೆವು.

ಮೂರನೆಯ ವಾರ ಆ ಮಣ್ಣಿನಿಂದ ಕಾಲುವೆಯ ಒಂದು ಬದಿಗೆ ಸಣ್ಣ ದಂಡೆ ಕಟ್ಟಿ ನೀರು ಬಿಟ್ಟೆವು. ವೇಗ ಏರಿಸಿದೆವು. ಮತ್ತೂ ಏರಿಸಿದೆವು. ನೀರು ಬಗ್ಗಡವೂ ಆಗಲಿಲ್ಲ. ಬೆಣ್ಣಿಹಳ್ಳದ ಮಣ್ಣು ಕಲ್ಲಿನ ಹಾಗೆ ನಿಂತಿತು. ಹೆಂಕ್ ಮಣ್ಣಿಗೆ ಟೋಪಿ ತೆಗೆದು ವಂದಿಸಿದ. ಆ ಅಂಕಿಗಳನ್ನು ಯಂತ್ರಕ್ಕೆ ಉಣಿಸಿದೆ. ಮಡಿಕೆ ಮಡಿಕೆಯಾಗಿ ಕಾಗದ ಹೊರಬಂತು. ನೆಲದ ಮೇಲೆ ಮಂಡಿಯೂರಿ ಓದಿದೆ. ಹತ್ತು ಮಳೆಗಾಲ ಕಳೆದರೂ ದಂಡೆ ಅಂಗೈಯಗಲ ಕೂಡ ಹಿಂದೆ ಸರಿಯುವುದಿಲ್ಲ. ನನ್ನ ವರದಿ ಸರಿ! ಆ ಸಂಜೆ ಆನ್ನೆಕೆಯ ಮನೆಯಲ್ಲಿ ಎರಡನೆಯ ಬಿಸ್ಕತ್ತು ಕೇಳಿ ತೆಗೆದುಕೊಂಡೆ.

ಒಡ್ಡಿನ ಮೇಲೆ, ಒಂದು ಭಾನುವಾರ

ಹೆಂಕ್ ತನ್ನ ನದಿ ತೋರಿಸುತ್ತೇನೆಂದು ಕರೆದುಕೊಂಡು ಹೋದ. ನನಗೆಂದು ತಂದ ಸೈಕಲ್ಲಿಗೆ ಕೈಬ್ರೇಕು ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ ಎಂಬುದನ್ನು ಅವನು ಹೇಳಲು ಮರೆತಿದ್ದ. ನಿಂತದ್ದು ಒಂದು ಆಕಳ ಹತ್ತಿರ. ಆಕಳಿಗೆ ಏನೂ ಆಗಲಿಲ್ಲ, ಆಶ್ಚರ್ಯವೂ ಕೂಡ ಆಗಲಿಲ್ಲ.

ಒಡ್ಡಿನ ಮೇಲೆ ನಿಂತರೆ ಒಂದು ಕಡೆ ನದಿ ಎತ್ತರದಲ್ಲಿ, ಇನ್ನೊಂದು ಕಡೆ ಊರು ತಗ್ಗಿನಲ್ಲಿ. ಜಿಟಿಜಿಟಿ ಮಳೆ. ಎಲ್ಲೆಲ್ಲೂ ಹಸಿರು ಹುಲ್ಲು, ಹುಲ್ಲಿನ ಬುಡದಲ್ಲಿ ಜೇಡಿ. ನನ್ನ ಬೂಟು ಹೂತುಕೊಂಡಿತು, ಕಾಲು ಮಾತ್ರ ಹೊರಬಂತು. ಜೇಡಿ ನಂಬಿಕಸ್ಥ, ಹಿಡಿದರೆ ಬಿಡುವುದಿಲ್ಲ ಎಂದ ಹೆಂಕ್. ಆಮೇಲೆ ಮಾತಿಗೆ ಮಾತು ಬಂದು, ನಿಮ್ಮ ನದಿ ಬೇಸಿಗೆಯಲ್ಲಿ ಹೇಗಿರುತ್ತದೆ ಎಂದು ಕೇಳಿದ.

ನಾನು ಹುರುಪಿನಿಂದ ಹೇಳತೊಡಗಿದೆ. ಬೇಸಿಗೆಯಲ್ಲಿ ನೀರೇ ಇರುವುದಿಲ್ಲ, ಹೊಲದಲ್ಲೂ ದಂಡೆಯ ಮೇಲೂ ನೆಲ ಬಿರಿಯುತ್ತದೆ, ಕಾಲು ಹೋಗುವಷ್ಟು ಅಗಲ. ಚಿಕ್ಕವರಿದ್ದಾಗ ನಾನೂ ಯಲ್ಲಪ್ಪನೂ ದಂಡೆಯ ಬಿರುಕಿಗೆ ಕಿವಿ ಹಚ್ಚಿ ಮಲಗಿ, ಹುಣಸೆಬೀಜ ಬಿಟ್ಟು, ಅದು ತಳ ಮುಟ್ಟುವ ಸದ್ದು ಕೇಳುತ್ತಿದ್ದೆವು.

ಹೆಂಕ್ ನಗಲಿಲ್ಲ. "ನದಿಯ ದಂಡೆಯಲ್ಲಿ ಬಿರುಕೇ? ಎಷ್ಟು ಆಳ?"

ಮೊಣಕಾಲಿನವರೆಗೆ ಎಂದೆ. ತುಸು ತಡೆದು, ಇಲ್ಲ, ಸೊಂಟದವರೆಗೆ ಎಂದೆ. ನಾನು ಹೇಳುತ್ತಿದ್ದ ಹಾಗೇ ಬಿರುಕು ಆಳವಾಗುತ್ತಿತ್ತು. ಹೆಂಕ್ ಕೈಯನ್ನು ಮೊಣಕಾಲಿಗೂ ಸೊಂಟಕ್ಕೂ ಒಯ್ದು ತೋರಿಸಿ, "ಎರಡರಲ್ಲಿ ಯಾವುದು?" ಎಂದ. ಅಲ್ಲೇ ಒಡ್ಡಿನ ಮೇಲೆ, ಒಂದು ಕಾಲಿಗೆ ಬೂಟಿಲ್ಲದೆ ನಿಂತಿದ್ದಾಗ, ನನಗೆ ಹೊಳೆಯಿತು. ನಾನು ಮಣ್ಣು ತೆಗೆದದ್ದು ದೀಪಾವಳಿಯಲ್ಲಿ, ಹಳ್ಳ ಇಳಿದ ಹೊಸತರಲ್ಲಿ, ದಂಡೆ ನೀರು ಕುಡಿದು ಉಬ್ಬಿದ್ದಾಗ. ಅಳೆಯಲು ಹೋಗುವುದೇ ರಜೆಯಲ್ಲಿ, ಬಿಸಿಲಿಲ್ಲದಾಗ. ಮೇ ತಿಂಗಳಲ್ಲಿ ಆ ದಂಡೆಗೆ ಹೋಗುವ ಎಂಜಿನಿಯರನನ್ನು ನಾನು ಕಂಡಿಲ್ಲ. ಆ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಜೇಡಿ ಒಣಗುವುದನ್ನೇ ಕಾಣದ ದೇಶದ ಹೆಂಕ್ ಅದನ್ನು ಇನ್ನಷ್ಟು ಒದ್ದೆಯಾಗಿಟ್ಟ. ಬೆಣ್ಣಿಹಳ್ಳದ ಮೊದಲ ನೀರು ಬಂದು ಬಡಿಯುವುದು ಇಂಥ ದಂಡೆಗಲ್ಲ. ಮೂರು ತಿಂಗಳ ಬಿಸಿಲಿಗೆ ಸೀಳಿ ನಿಂತ ದಂಡೆಗೆ.

ವಾಪಸು ಬರುವಾಗ ನಾನು ಸೈಕಲ್ಲನ್ನು ಎಷ್ಟು ಜೋರಾಗಿ ತುಳಿದೆನೆಂದರೆ ಹೆಂಕ್ ಹಿಂದೆ ಉಳಿದ.

ಮತ್ತೆ ಆನ್ನೆಕೆಯ ಮನೆ

ಮಣ್ಣು ಒಣಗಿಸಬೇಕಿತ್ತು. ಆದರೆ ಬಿಸಿಲೆಲ್ಲಿ? ಧಾರವಾಡ ಜಿಲ್ಲೆಯವನೊಬ್ಬ ಮಾರ್ಚಿ ತಿಂಗಳಲ್ಲಿ ಬಿಸಿಲಿಗಾಗಿ ಕಿಟಕಿಯಿಂದ ಕಿಟಕಿಗೆ ಓಡಾಡಿದ್ದು ಅದೇ ಮೊದಲಿರಬೇಕು. ಒಲೆಯಲ್ಲಿ ಒಣಗಿಸಿದರೆ ಮಣ್ಣಿನ ಗುಣ ಕೆಡುತ್ತದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ನನ್ನ ಕೋಣೆಯ ಗೋಡೆಗಿದ್ದ ಕಬ್ಬಿಣದ ಪೆಟ್ಟಿಗೆ. ಒಳಗೆ ಬಿಸಿನೀರು ಹರಿದು ಮನೆ ಬೆಚ್ಚಗಿಡುವ ವ್ಯವಸ್ಥೆ ಅದು. ಅದರ ಮೇಲೆ ಆನ್ನೆಕೆಯ ಕೇಕಿನ ತಟ್ಟೆಗಳನ್ನು ಸಾಲಾಗಿ ಇಟ್ಟು ಬೆಣ್ಣಿಹಳ್ಳವನ್ನು ಹರವಿದೆ. ಅವಳನ್ನು ಕೇಳಲಿಲ್ಲ.

ಎರಡನೆಯ ದಿನ ಅವಳು ಹಾಸಿಗೆಯ ಚಾದರ ಬದಲಿಸಲು ಬಂದಳು. ಕೆಳಗೆ ಕೂತಿದ್ದ ನನಗೆ ಅವಳ ಹೆಜ್ಜೆ ನಿಂತದ್ದು ಕೇಳಿಸಿತು. ಇಳಿದು ಬಂದವಳು ಸಿಟ್ಟಾಗಲಿಲ್ಲ. ಇದು ನೆಲಮಾಳಿಗೆಯ ವಾಸನೆ, ಎಷ್ಟು ದಿನ ಇರುತ್ತದೆ ಎಂದು ಕೇಳಿದಳು. ತಟ್ಟೆಗಳಿಗಾಗಿ ಕ್ಷಮೆ ಕೇಳಿ, ನಲವತ್ತು ಮನೆಗಳ ಸಂಗತಿಯನ್ನೆಲ್ಲ ಹೇಳಿದೆ. ಅವಳು ಎದ್ದು ಆ ಗೋಡೆಯ ಪಂಚಾಂಗದಲ್ಲಿ ಹತ್ತು ದಿನದ ಉದ್ದಕ್ಕೂ ಒಂದು ಗೆರೆ ಎಳೆದು ಅದರ ಮೇಲೆ 'ಮಣ್ಣು' ಎಂದು ಬರೆದಳು. ಅಲ್ಲಿಂದ ಮುಂದೆ ದಿನಾ ಮುಂಜಾನೆ ಹೆಂಟೆಗಳನ್ನು ಮಗುಚಿ ಹಾಕುತ್ತಿದ್ದವಳು ಅವಳೇ. ಒಂದು ದಿನ ಕೂಗಿ ಕರೆದಳು. ಹೆಂಟೆ ತಟ್ಟೆಯಲ್ಲೇ ಚಟ್ಟೆಂದು ಸೀಳಿತ್ತು. ಹದಿನೈದು ಹೆಂಟೆಗಳಲ್ಲಿ ಒಂದೂ ಬಿರಿಯದೆ ಉಳಿಯಲಿಲ್ಲ.

ಕಾಲುವೆಯಲ್ಲಿ ಎರಡನೆಯ ದಂಡೆ ಇಟ್ಟೆವು. ಹೆಂಕ್ ನೀರಿನ ತಿರುಪು ತೆರೆದ, ಮೊದಲ ಸಲದ ಕಾಲು ಭಾಗದಷ್ಟು ಮಾತ್ರ. ನೀರು ಬಂದು ಮಣ್ಣಿನ ಪಾದ ಮುಟ್ಟಿತು. ಮಣ್ಣು ಸುಯ್ ಎಂದಿತು. ಬಿರುಕುಗಳಿಂದ ಗುಳ್ಳೆಗಳೆದ್ದವು. ಆಮೇಲೆ ಆದದ್ದನ್ನು ಹೇಳಲು ಅದು ತೆಗೆದುಕೊಂಡದ್ದಕ್ಕಿಂತ ಹೆಚ್ಚು ಸಮಯ ಬೇಕು. ದಂಡೆ ಚೂರಾಯಿತು, ಚೂರು ಜೋಳದ ನುಚ್ಚಾಯಿತು, ನುಚ್ಚು ನೀರಿನಲ್ಲಿ ಉಸುಕಿನ ಹಾಗೆ ಉರುಳಿಕೊಂಡು ಹೋಯಿತು. ಗಾಜೆಲ್ಲ ಕಪ್ಪು. ಹೆಂಕ್ ತಿರುಪು ಮುಚ್ಚಿ ಗಡಿಯಾರ ನೋಡಿದ. ನಾನು ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಿದ್ದೆ. ತಪ್ಪು ಸಿಕ್ಕಿತ್ತು! ಅದು ನನ್ನದೇ ತಪ್ಪೆಂಬ ಅಳುಕಿಗಿಂತ ಅದು ಸಿಕ್ಕ ಖುಷಿಯೇ ಮೊದಲು ಬಂತು ಎಂದು ಒಪ್ಪಿಕೊಳ್ಳಬೇಕು. ಭಯ ಬಂದದ್ದು ಹೊಸ ಅಂಕಿಗಳನ್ನು ಯಂತ್ರಕ್ಕೆ ಹಾಕಿದ ಮೇಲೆ. ಅಪಾಯ ಎಲ್ಲರೂ ಹೆದರುವ ದೊಡ್ಡ ಮಹಾಪೂರದ್ದಲ್ಲ. ವರ್ಷದ ಮೊದಲ, ಸಣ್ಣ ನೀರಿನದು. ಬಿರುಕು ಸೊಂಟದಷ್ಟು ಆಳವಿದ್ದರೆ ಮೂರನೆಯ ಮಳೆಗಾಲಕ್ಕೆ ಮೊದಲ ಸಾಲಿನ ಮನೆಗಳ ಪಾಯ ಹಳ್ಳದಲ್ಲಿ. ಮೊಣಕಾಲಿನಷ್ಟಿದ್ದರೆ ಬಹುಶಃ ಏನೂ ಆಗದು.

ಮೊಣಕಾಲೋ ಸೊಂಟವೋ? ನಲವತ್ತು ಮನೆಗಳು ನನ್ನ ಬಾಲ್ಯದ ಒಂದು ನೆನಪಿನ ಮೇಲೆ ನಿಂತಿದ್ದವು. ನನಗೆ ಅದರ ಮೇಲೆ ಪೈಸೆಯಷ್ಟೂ ನಂಬಿಕೆ ಇರಲಿಲ್ಲ. ಹುಣಸೆಬೀಜದ ಮಾತನ್ನೂ ನೆನಪಿಸಿ, ದಂಡೆಯ ಬಿರುಕುಗಳ ಆಳ ಅಳೆದು ಕೂಡಲೇ ತಿಳಿಸೆಂದು ಯಲ್ಲಪ್ಪನಿಗೆ ಕಾಗದ ಬರೆದೆ.

ಅಂಚೆ ಕಚೇರಿ

ಉತ್ತರ ಬರಲು ಮೂರು ವಾರ ಹಿಡಿಯಿತು. ಯಲ್ಲಪ್ಪ ಊರಲ್ಲಿ ನಾಲ್ಕು ಜನರ ಮುಂದೆ ನನಗೆ ಸಾಹೇಬ್ರ ಅನ್ನುತ್ತಾನೆ, ಪ್ರತಿ ಮಾತಿಗೂ 'ರಿ' ಹಚ್ಚುತ್ತಾನೆ. ಕಾಗದದಲ್ಲಿ ಅದೆಲ್ಲ ಇರಲಿಲ್ಲ.

"ನೀ ಹೇಳಿದಂಗ ದಂಡಿ ಮ್ಯಾಲ ಐದ ಕಡೆ ಹಗ್ಗಾ ಬಿಟ್ಟ ನೋಡೇನಿ. ತುದಿಗೆ ತಕ್ಕಡಿ ಕಲ್ಲ ಕಟ್ಟಿದ್ದೆ. ಎಲ್ಲಾಕಿಂತ ಸಣ್ಣ ಬಿರುಕಿನ್ಯಾಗ ನನ್ನ ಸೊಂಟದಮಟ ಹೋತು. ದೊಡ್ಡದರಾಗ ಹಗ್ಗಾ ಮುಗೀತು, ತಳಾ ಸಿಗಲಿಲ್ಲ. ಹುಣಸಿಬೀಜದ ಮಾತ ಓದಿ ನಗಿ ಬಂತು. ಬೀಜಾ ಬಿಟ್ಟಾವ್ರು ನಾನು, ನನ್ನ ತಮ್ಮ. ನೀ ಅಲ್ಲಿ ಇರಲೇ ಇಲ್ಲ. ಆ ದಂಡಿ ನಮ್ಮ ಕೇರಿ ಕಡೀದು, ನಿಮ್ಮ ಮನ್ಯಾಗ ನಿನ್ನ ಅತ್ತಾಗ ಬಿಡತಿದ್ದಿಲ್ಲ. ಏಳನೇ ಇಯತ್ತೇದಾಗ ಮಾಸ್ತರ ನಿಬಂಧ ಬರಸಿದಾಗ ನಾ ಅದನ್ನ ಬರದ ಓದಿದ್ದೆ, ನೀ ಮುಂದಿನ ಸಾಲಿನ್ಯಾಗ ಕುಂತ ಕೇಳಿದ್ದಿ. ನೆನಪ ನಂದು. ಇರಲಿ, ಬಿರುಕ ಅಂತೂ ಖರೇ ಐತಿ. ಕಲ್ಲ ಬಂದ ಬಿದ್ದಾವ. ಬಸವ ಜಯಂತಿ ಮುಗದ ಮ್ಯಾಲ ಮನಿ ಕಟ್ಟೋ ಗೌಂಡಿ ಬರತಾನ. ಏನರ ಹೇಳೂದಿದ್ರ ಲಗೂನ ಹೇಳು."

ನಾನು ಕಾಗದ ಹಿಡಿದು ಮೆಟ್ಟಿಲ ಮೇಲೆ ಕುಳಿತೆ. ಹೊಟ್ಟೆಯ ಕೆಳಗಿನ ಬಿಸಿ ಮಣ್ಣು, ಕಿವಿಗೆ ತಾಗಿದ ಬಿರುಕಿನ ಅಂಚು, ಪಕ್ಕದಲ್ಲಿ ಯಲ್ಲಪ್ಪನ ಉಸಿರು, ಎಲ್ಲವೂ ನನಗೆ ಈ ಗಳಿಗೆಗೂ ಸ್ಪಷ್ಟವಾಗಿ ನೆನಪಿದೆ. ಅದರಲ್ಲಿ ಒಂದೂ ನನಗೆ ಆದದ್ದಲ್ಲ. ಅವನ ಬಾಲ್ಯದ ಆಟದಲ್ಲಿ ನನ್ನನ್ನು ನಾನೇ ಕರೆದು ಕೂರಿಸಿಕೊಂಡಿದ್ದೆ. ನಮ್ಮ ನಡುವೆ ಇದ್ದ ಗೆರೆಯನ್ನು ಎಷ್ಟು ಸಲೀಸಾಗಿ ಅಳಿಸಿಕೊಂಡಿದ್ದೆ ಎಂದರೆ ಅದಿತ್ತೆಂದೇ ನೆನಪಿರಲಿಲ್ಲ.

ಅಂಚೆ ಕಚೇರಿ ಮುಚ್ಚಲು ಹತ್ತು ನಿಮಿಷವಿತ್ತು. ಓಡಿದೆ. ತಂತಿಯ ಹಾಳೆಯ ಮೇಲೆ ಯಲ್ಲಪ್ಪನ ವಿಳಾಸ ಹಾಕಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ: ದಂಡಿ ಮ್ಯಾಲ ಮನಿ ಕಟ್ಟಬ್ಯಾಡ್ರಿ. ಅಷ್ಟು ಬರೆದು ಪೆನ್ನು ನಿಂತಿತು. ಅಷ್ಟೇ ಸಾಕೆಂದು ಒಂದು ಮನಸ್ಸು. ಕಾರಣ ಕೇಳುತ್ತಾರೆ, ಹೊಸ ಸಂಶೋಧನೆ ಎನ್ನಬಹುದು, ಪರದೇಶದ ಯಂತ್ರ ಎನ್ನಬಹುದು. ಗವಾಕ್ಷಿಯ ಹಿಂದಿನ ಹೆಂಗಸು ಗಡಿಯಾರ ನೋಡಿದಳು. ಕೆಳಗೆ ಸೇರಿಸಿದೆ: ನನ್ನ ವರದಿ ತಪ್ಪು. ಅವಳು ಯಾವ ಭಾಷೆಯೆಂದು ಕೇಳಿ, ಒಂದೊಂದಾಗಿ ಅಕ್ಷರ ಓದಿ ಸರಿ ನೋಡಿದಳು. ಕನ್ನಡದಲ್ಲಿ ನಾನು ಮಾಡಿದ ಅತಿ ಸಣ್ಣ ಬರವಣಿಗೆ ಅದು. ಇದೇ ಮಾತನ್ನು ಲೆಕ್ಕಗಳ ಸಮೇತ ತಾಲೂಕು ಕಚೇರಿಗೂ ಅಂಚೆಯಲ್ಲಿ ಕಳಿಸಿದೆ.

ನಮ್ಮೂರು

ಮುಂಬಯಿಯಲ್ಲಿ ಇಳಿದು, ಹುಬ್ಬಳ್ಳಿಗೆ ರೈಲು, ನವಲಗುಂದಕ್ಕೆ ಬಸ್ಸು. ಬಸ್ಸಿನಲ್ಲಿ ಪಕ್ಕದವನು ಕೇಳದೆಯೇ ಅರ್ಧ ಪೇರಲಹಣ್ಣು ಮುರಿದು ಕೊಟ್ಟ. ಮೂರು ತಿಂಗಳ ಬಳಿಕ ಬೇಡ ಅನ್ನಬೇಕಾದ ಪ್ರಮೇಯವಿರಲಿಲ್ಲ.

ತಂತಿ ಮುಟ್ಟಿತ್ತು. ಗೌಂಡಿ ಬಂದ ದಿನ ಕೇರಿಯ ಹೆಂಗಸರು ಪಾಯದ ಕಲ್ಲುಗಳ ಮೇಲೆ ಸಾಲಾಗಿ ಕುಳಿತು ಎಲೆಅಡಿಕೆ ಹಾಕಿಕೊಂಡರಂತೆ. ಸಂಜೆವರೆಗೆ ಕಾದು ಆತ ಹೋದನಂತೆ. ಆದರೆ ಕೆಲಸ ನಿಂತಿತ್ತೇ ಹೊರತು ಬೇರೆ ಜಾಗ ಸಿಕ್ಕಿರಲಿಲ್ಲ.

ಕಾಕಾ ನನ್ನ ಜೊತೆಗೇ ಊಟ ಮುಗಿಸಿದರು. ಕೈ ತೊಳೆದು ಬಂದು ಕಂಬಕ್ಕೆ ಒರಗಿ, "ದೀಪಾವಳ್ಯಾಗ ಗಟ್ಟಿ ಇದ್ದ ದಂಡಿ, ನೀ ವಿಮಾನಾ ಹತ್ತಿದ ಕೂಡಲೇ ಹಳಸಿತೇನು?" ಎಂದರು. ನಾನು ಒಣಗಿಸಿದ್ದು, ಸೀಳಿದ್ದು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಹಾಲಂಡಿನ್ಯಾಗ ಒಂದ ಡಬ್ಬಿ ಮಣ್ಣ ಕರಗಿದ್ದಕ್ಕ ಇಲ್ಲಿ ನನ್ನ ಹೊಲಾ ಹೋಗಬೇಕೇನಲೇ?"

"ಹೊಲಾ ನಿಮ್ಮದಲ್ಲ ಕಾಕಾ. ಗಾಯರಾಣ ಐತಿ."

ಅವರು ಎದ್ದು ತಲೆಗೆ ಪಟಗ ಸುತ್ತಿಕೊಂಡು ಹೊರಟುಹೋದರು. ಅಂದಿನಿಂದ ನನ್ನೊಡನೆ ಮಾತಿಲ್ಲ. ಕಾಕೂ ಮಾತ್ರ ಅವರಿಲ್ಲದಾಗ ರೊಟ್ಟಿ ಕಳಿಸುತ್ತಾಳೆ.

ತಾಲೂಕಿನ ಸಾಹೇಬರು ನನ್ನ ಎರಡೂ ವರದಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡಿದ್ದರು. "ಹಿಂದಿಂದೂ ನಿಮ್ಮದ, ಇಂದಿಂದೂ ನಿಮ್ಮದ. ಯಾವುದನ್ನ ನಂಬೂಣ್ರಿ?" ಎಂದರು. ನ್ಯಾಯವಾದ ಪ್ರಶ್ನೆ. ಮಡಿಕೆ ಕಾಗದಗಳನ್ನು ಬಿಚ್ಚಿ ತೋರಿಸಿದೆ. ಅವರ ಕಣ್ಣು ಫ್ಯಾನಿನ ಕಡೆ ಹೋಯಿತು. ಕೊನೆಗೆ, ಎರಡನ್ನೂ ನಂಬಬೇಡಿ, ಬಂದು ನೋಡಿ ಎಂದೆ. ಜೀಪಿನಲ್ಲಿ ಬಂದರು. ಮಧ್ಯಾಹ್ನದ ಬಿಸಿಲಿಗೆ ಬಿಚ್ಚಿದ್ದ ಕೊಡೆಯನ್ನು ಮಡಚಿ, ಒಂದು ಬಿರುಕಿನಲ್ಲಿ ಇಳಿಬಿಟ್ಟರು. ಕೊಡೆ ಹಿಡಿಕೆಯವರೆಗೂ ಹೋಯಿತು. ಇನ್ನೊಂದರಲ್ಲಿ ಬಿಟ್ಟರು, ಹಿಡಿಕೆಯೂ ಹೋಯಿತು. ಯಲ್ಲಪ್ಪ ಹೊಟ್ಟೆಯ ಮೇಲೆ ಮಲಗಿ, ಭುಜದವರೆಗೆ ಕೈ ಇಳಿಸಿ, ಅದನ್ನು ಹೊರತೆಗೆದುಕೊಟ್ಟ. ಸಾಹೇಬರು ಕೊಡೆಯ ಮಣ್ಣು ಕೊಡಹಿ, ತಮ್ಮ ಜನಕ್ಕೆ ಗಾಯರಾಣದ ನಕಾಶೆ ತರಲು ಹೇಳಿದರು.

ಜೂನ್ ಮೊದಲ ವಾರ ಗಾಯರಾಣದಲ್ಲಿ ಸುಣ್ಣದ ಗೆರೆ ಬಿತ್ತು. ಅದೇ ವಾರ ನಾನೂ ಯಲ್ಲಪ್ಪನೂ ದಂಡೆಯ ಅಂಚಿನುದ್ದಕ್ಕೂ ಆರು ಗೂಟ ಹುಗಿದು, ಮೊದಲ ನೀರಿಗೆ ಕಾದೆವು. ನೀರು ಬಂದದ್ದು ಒಂದು ಮುಂಜಾನೆ, ಹುಬ್ಬಳ್ಳಿ ಕಡೆಯ ಮಳೆಯದು, ನಮ್ಮಲ್ಲಿ ಹನಿಯೂ ಇಲ್ಲ. ಮೊಣಕಾಲುದ್ದದ ನೊರೆನೀರು, ಮುಂದೆ ಕಸಕಡ್ಡಿ ನೂಕುತ್ತ. ಅದು ದಂಡೆಯ ಪಾದ ಮುಟ್ಟಿದಾಗ ಗಾಜಿನ ಕಾಲುವೆಯಲ್ಲಿ ಕೇಳಿದ್ದ ಅದೇ ಸದ್ದು ಕೇಳಿಸಿತು, ಫರ್ಲಾಂಗು ಉದ್ದಕ್ಕೂ. ಒಂದು ಗೂಟ ತಲೆ ವಾಲಿಸಿ, ಎಮ್ಮೆ ಗಾತ್ರದ ಹೆಂಟೆಯ ಸಮೇತ ಇಳಿದುಹೋಯಿತು. ನಾನು ಕುಣಿದೆ. ನಲವತ್ತು ದಾಟಿದವನು, ಚಪ್ಪಲಿ ಹಾರುವ ಹಾಗೆ ಕುಣಿದೆ.

ನೀರು ಇಳಿದ ಮೇಲೆ ಯಲ್ಲಪ್ಪನಿಗೊಂದು ಹಾಳೆ ಕೊಟ್ಟು, ಕಂಡದ್ದನ್ನು ಈಗಲೇ ಬರೆ, ನಾನೂ ಬರೆಯುತ್ತೇನೆ, ಒಬ್ಬರದನ್ನೊಬ್ಬರು ನೋಡುವುದು ಬೇಡ ಎಂದೆ. ಬರೆದು ಹಾಳೆ ಅದಲುಬದಲು ಮಾಡಿಕೊಂಡೆವು. ನಾನು ಬರೆದಿದ್ದೆ: ಹೋದ ಗೂಟ ಒಂದು. ಅವನು ಬರೆದಿದ್ದ: ಎರಡು.

ತಲೆಯೆತ್ತಿ ನೋಡಿದೆ. ದಂಡೆಯ ಮೇಲೆ ನಾಲ್ಕೇ ಉಳಿದಿದ್ದವು.

"ನೀ ಕುಣ್ಯಾಕತ್ತಿದ್ದಿ," ಎಂದ ಯಲ್ಲಪ್ಪ.

ಅವನ ಹಾಳೆಯನ್ನು ಕಡತಕ್ಕೆ ಸೇರಿಸಿದೆ. ಈಗ ನನ್ನ ಲೆಕ್ಕದಲ್ಲಿ ಇರುವುದು ಅವನ ಅಂಕಿ.